ಗಿಟಾರ್ ಪಾರ್ಸೆಲ್ ಬಂತು, ಈಗಲೇ ಬಿಚ್ಚಬೇಡಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು ಸಂಕ್ರಾಂತಿಯ ಎಳ್ಳುಬೆಲ್ಲ ಬರುವ ತನಕದ ದಿನಗಳಲ್ಲಿ ಜಯನಗರ, ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಗೇಟುಗಳ ಬಳಿ ಉದ್ದನೆಯ ರಟ್ಟಿನ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ವರ್ಷಾಂತ್ಯದ ರಿಯಾಯಿತಿ, ಕ್ರಿಸ್‌ಮಸ್ ರಜೆ, ಈ ವರ್ಷವಾದರೂ ಗಿಟಾರ್ ಕಲಿತೇ ತೀರುತ್ತೇನೆಂಬ ಶಪಥ ಎಲ್ಲ ಸೇರಿ ಬಂದ ಡಬ್ಬಿಗಳವು. ಡಬ್ಬಿ ಬರುವ ಮುಂಚೆಯೇ ಮನೆಯ ಹುಡುಗರು ಯೂಟ್ಯೂಬ್ ನೋಡಿ, ಚಳಿಗಾಲದಲ್ಲಿ ಗಿಟಾರ್ ಬಿರುಕು ಬಿಡುತ್ತದಂತೆ ಎಂದು ಗಾಬರಿಯಾಗಿರುತ್ತಾರೆ. ಆ ಎಚ್ಚರಿಕೆ ಹಿಮ ಬೀಳುವ ಊರಿನವರದ್ದು. ಅಲ್ಲಿ ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಒಳಗೆ ಹಗಲಿರುಳು ಉರಿಯುವ ಹೀಟರ್; ಗಾಳಿ ಒಣಗಿ ಮರ ಸೀಳುತ್ತದೆ.

ನಮ್ಮಲ್ಲಿ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗಿನ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯ ಸುತ್ತಮುತ್ತ. ಆ ಚಳಿಗೆ ನಾವು ಸ್ವೆಟರ್ ಹಾಕಿಕೊಳ್ಳಬಹುದು, ಗಿಟಾರಿಗೇನೂ ಆಗದು. ಅದಕ್ಕೆ ತೊಂದರೆ ಕೊಡುವುದು ತೇವದ ಏರಿಳಿತ. ಆ ಏರಿಳಿತ ನಮ್ಮಲ್ಲಿ ಬೇಕಾದಷ್ಟಿದೆ.

ಮರ ಕಡಿದು, ಒಣಗಿಸಿ, ಪಾಲಿಶ್ ಮಾಡಿದ ಮೇಲೂ ಗಾಳಿಯ ತೇವವನ್ನು ಹೀರುವುದನ್ನಾಗಲಿ ಬಿಡುವುದನ್ನಾಗಲಿ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಬನಶಂಕರಿಯ ಹಳೇ ಮನೆಗಳ ಬಚ್ಚಲು ಬಾಗಿಲು ಹಾಕಲು ಬಾರದೆ ಬಿಗಿಯುವುದೂ ಇದರಿಂದಲೇ. ಗಾಳಿಯ ತೇವಾಂಶ ಶೇ 50ರಷ್ಟಿದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಶೇ 9ರಷ್ಟಕ್ಕೆ ಬಂದು ನಿಲ್ಲುತ್ತದೆ. ಗಾಳಿಯದು ಶೇ 80 ಆದರೆ ಮರದ್ದು ಶೇ 16ಕ್ಕೆ ಏರುತ್ತದೆ, ಶೇ 30ಕ್ಕಿಳಿದರೆ ಶೇ 6ಕ್ಕೆ ಇಳಿಯುತ್ತದೆ. ಗಿಟಾರ್ ತಯಾರಕರು ಗಾಳಿಯ ತೇವಾಂಶ ಶೇ 45ರಿಂದ 55ರೊಳಗೆ ಇರಲಿ ಎನ್ನುವುದು ಇದಕ್ಕೇ. ಮರ ಉಬ್ಬುವುದೂ ಕುಗ್ಗುವುದೂ ನಾರಿನ ಉದ್ದಕ್ಕಲ್ಲ, ಅಡ್ಡಕ್ಕೆ. ತೇವ ಹೆಚ್ಚಾದರೆ ಮುಂಭಾಗದ ತೆಳು ಹಲಗೆ ಹೊಟ್ಟೆ ಉಬ್ಬಿಸಿ, ತಂತಿಗಳು ಮೇಲೆದ್ದು, ಒತ್ತುವ ಬೆರಳು ನೋಯುತ್ತದೆ. ಒಣಗಿದರೆ ಹಲಗೆ ತಗ್ಗಿ ತಂತಿ ಜುಯ್ಯೆನ್ನುತ್ತದೆ, ಕುಗ್ಗಿದ ಪಟ್ಟಿಯ ಅಂಚಿನಿಂದ ಲೋಹದ ಫ್ರೆಟ್ ತುದಿಗಳು ಹೊರಬಂದು ಅಂಗೈ ಪರಚುತ್ತವೆ.

ಇನ್ನು ಡಬ್ಬಿಯ ಪ್ರಯಾಣ. ಅಗ್ಗದ ಗಿಟಾರ್ ಕೋಲ್ಕತ್ತದಿಂದ ಹೊರಟಿರಬಹುದು. ಗಿವ್ಸನ್ ಅಲ್ಲಿಯದೇ ಹಳೆಯ ಗಿಟಾರ್ ಬ್ರ್ಯಾಂಡ್. ದುಬಾರಿಯದು ದೆಹಲಿ ಅಥವಾ ಮುಂಬೈಯ ಗೋದಾಮಿನಿಂದ ಬರಬಹುದು. ಜನವರಿಯ ದೆಹಲಿಯಲ್ಲಿ ರಾತ್ರಿ 5 ಡಿಗ್ರಿ ಹೊಸತಲ್ಲ. ತಗಡಿನ ಲಾರಿಯೊಳಗೆ ಹಗಲು ಕಾದು, ರಾತ್ರಿ ತಣಿದು, ಬೆಳಗಿನ ಮಂಜಿನಲ್ಲಿ ಡಬ್ಬಿ ಊರು ಸೇರುತ್ತದೆ. ಸಾಲದ್ದಕ್ಕೆ ಬಂಗಾಳ ಕೊಲ್ಲಿ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿದಾಗ ಬೆಂಗಳೂರಿಗೂ ಮೋಡ, ಜಿಟಿಜಿಟಿ ಮಳೆ ತಪ್ಪಲಿಲ್ಲ. ಅಂಥ ದಿನ ಡೆಲಿವರಿ ಬೈಕಿನ ಹಿಂದೆ ಕಟ್ಟಿದ ರಟ್ಟಿನ ಡಬ್ಬಿಯ ಪಾಡನ್ನು ಹೇಳಬೇಕಿಲ್ಲ.

ತಣ್ಣಗಿರುವ ಗಿಟಾರನ್ನು ಬೆಚ್ಚಗಿನ ಕೋಣೆಯಲ್ಲಿ ಥಟ್ಟನೆ ಬಿಚ್ಚಿದರೆ ಅದು ಬೆವರುತ್ತದೆ. ಕೋಣೆ 24 ಡಿಗ್ರಿ, ತೇವಾಂಶ ಶೇ 60 ಇದ್ದರೆ, ಸುಮಾರು 16 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಮೊದಲು ತಂತಿ, ಫ್ರೆಟ್, ಬಿರಡೆ ಯಂತ್ರಗಳ ಮೇಲೆ. ತುಕ್ಕಿಗೆ ಅದೇ ಆರಂಭ. ಹಳೇ ಬಗೆಯ ನೈಟ್ರೋಸೆಲ್ಯುಲೋಸ್ ಪಾಲಿಶ್ ಇದ್ದರಂತೂ, ಮರ ಮತ್ತು ಪಾಲಿಶ್ ಬೇರೆ ಬೇರೆ ವೇಗದಲ್ಲಿ ಹಿಗ್ಗಿ ಕೂದಲೆಳೆಯಂಥ ಬಿರುಕುಗಳ ಜಾಲವೇ ಏಳಬಹುದು. ಅದನ್ನು ಅಳಿಸಲಾಗದು.

ಆದ್ದರಿಂದ ಡಬ್ಬಿ ಮನೆಗೆ ಬಂದ ಮೇಲೆ ಅರ್ಧ ದಿನ, ಉತ್ತರದಿಂದ ಬಂದಿದ್ದರೆ ಇಡೀ ರಾತ್ರಿ ಮುಚ್ಚಿದಂತೆಯೇ ಇರಲಿ. ಒಳಗಿನ ಗಾಳಿ, ಮರ, ಲೋಹ ಎಲ್ಲವೂ ನಿಧಾನ ಬೆಚ್ಚಗಾಗುತ್ತವೆ. ಬಿಚ್ಚುವಾಗ ವಿಡಿಯೊ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಹೆದರಿಸುತ್ತಾರಲ್ಲ, ಆ ವಿಡಿಯೊ ಮರುದಿನವೂ ಮಾಡಬಹುದು. ಡೆಲಿವರಿ ಹುಡುಗ ಎದುರಿಗಿರುವಾಗಲೇ ಡಬ್ಬಿಯ ಮೂಲೆ ಜಜ್ಜಿದೆಯೇ, ರಟ್ಟು ಒದ್ದೆಯಾಗಿದೆಯೇ ನೋಡಿ ಫೋಟೊ ತೆಗೆದರೆ ಆ ಹೊತ್ತಿಗೆ ಸಾಕು. ರಟ್ಟು ತೊಯ್ದು ಮೆತ್ತಗಾಗಿದ್ದರೆ ಮಾತ್ರ ಕಾಯಬಾರದು. ಹೊರಡಬ್ಬಿ ತೆಗೆದು, ಒಳಗಿನ ಚೀಲವನ್ನು ಮುಚ್ಚಿದಂತೆಯೇ ಬಿಡಬೇಕು.

ಕಳಿಸುವವರಿಗೂ ಒಂದು ಮಾತು. ಉಕ್ಕಿನ ಆರು ತಂತಿಗಳು ಶ್ರುತಿಯಲ್ಲಿದ್ದಾಗ ಕತ್ತಿನ ಮೇಲೆ 70 ಕಿಲೋಗೂ ಹೆಚ್ಚು ಎಳೆತ ಹಾಕುತ್ತವೆ. ಪ್ರಯಾಣಕ್ಕೆ ಮುಂಚೆ ಸ್ವಲ್ಪ ಸಡಿಲಿಸುವುದು ಒಳ್ಳೆಯದು, ಪೂರ್ತಿ ಬಿಚ್ಚುವುದಲ್ಲ. ತಲೆಭಾಗದ ಸುತ್ತ ಮೆತ್ತೆ ಇಲ್ಲದಿದ್ದರೆ ಬೇರೆಲ್ಲ ಎಚ್ಚರಿಕೆಯೂ ದಂಡ, ಬಿದ್ದಾಗ ಮುರಿಯುವುದು ಅಲ್ಲಿಯೇ.

ಇದೆಲ್ಲ ನಮ್ಮೂರಿನವರಿಗೆ ಹೊಸ ಪಾಠವೇನಲ್ಲ. ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಇದ್ದಿಲ ಪುಡಿ ಬೆರೆಸಿದ ಜೇನುಮೇಣದ ಮೇಲೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗಿ ಸ್ವರ ತಪ್ಪುತ್ತದೆ, ಮೆಟ್ಟಿಲುಗಳನ್ನು ಮತ್ತೆ ಕೂರಿಸಿ ಮೇಳ ಕಟ್ಟಿಸಬೇಕು. ಬೆಂಗಳೂರಿಗೆ ಹತ್ತಿರದಲ್ಲೇ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಟುಂಬಗಳಿವೆ. ಹಸಿ ಮರ ಮುಂದೊಂದು ದಿನ ಸೊಟ್ಟಗಾಗುವುದನ್ನು ಅವರಿಗೆ ಯಾವ ವಿಡಿಯೊವೂ ಹೇಳಿಕೊಡಬೇಕಿಲ್ಲ. ಗಿಟಾರಿಗೂ ನಮಗೂ ನೆಂಟಸ್ತಿಕೆ ಇದೆ. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದಾಗ, ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಗಿಟಾರುಗಳ ಹಿಂಭಾಗಕ್ಕೂ ಪಕ್ಕಗಳಿಗೂ ಭಾರತದ ಬೀಟೆಯತ್ತ ತಿರುಗಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರವೇ ಅದು.

ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ, ಕಲಿಕೆಗೆಂದು ಕೊಳ್ಳುವ ಅಗ್ಗದ ಗಿಟಾರುಗಳು ಬಹುಪಾಲು ಪ್ಲೈವುಡ್‌ನವು. ಪದರಗಳ ನಾರು ಒಂದಕ್ಕೊಂದು ಅಡ್ಡ ಕೂತಿರುವುದರಿಂದ ಅವು ಸುಲಭಕ್ಕೆ ಬಿರಿಯುವುದಿಲ್ಲ. ಅಂಥದ್ದಕ್ಕೆ ದುಬಾರಿ ತೇವ ನಿಯಂತ್ರಕ ಕೊಳ್ಳುವುದು ಅಂಗಡಿಯವನ ಲಾಭಕ್ಕೆ ಮಾತ್ರ. ‘ಸಾಲಿಡ್ ಟಾಪ್’, ಅಂದರೆ ಮುಂಭಾಗ ಪದರಗಳಿಲ್ಲದ ಅಪ್ಪಟ ಮರದ ಹಲಗೆ, ಎಂದು ಬರೆದಿದ್ದರೆ ಚಿಂತೆ ಮಾಡಿ. ಅದಕ್ಕೂ ಮೊದಲು ಬೇಕಾದ್ದು ಕೆಲವು ನೂರು ರೂಪಾಯಿಯ ತೇವಮಾಪಕ. ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಿದ ರಾತ್ರಿ ಮುಳ್ಳು ಎಷ್ಟು ಏರುತ್ತದೆಂದು ನೋಡಿದರೆ ಗಿಟಾರನ್ನು ಚೀಲದಲ್ಲೇ ಇಡುವ ಅಭ್ಯಾಸ ತಾನಾಗಿ ಬರುತ್ತದೆ. ಪಾರ್ಸೆಲ್ ಜತೆ ಬಂದ ಸಿಲಿಕಾ ಜೆಲ್ ಪೊಟ್ಟಣ ಅಲ್ಲಿಗೆ ಸರಿ. ಶಿವರಾತ್ರಿಯ ಹೊತ್ತಿಗೆ ಅದನ್ನು ತೆಗೆದುಬಿಡಿ. ಫೆಬ್ರುವರಿ, ಮಾರ್ಚ್ ಮಧ್ಯಾಹ್ನಗಳಲ್ಲಿ ಇಲ್ಲಿನ ತೇವಾಂಶ 30ರ ಆಸುಪಾಸಿಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ ಜೋಪಾನ ಮಾಡಿದ ಗಿಟಾರ್ ಬಿರಿಯುವುದಿದ್ದರೆ ಆಗಲೇ.

ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ಕೋರಿಕೆ: ಪಾರ್ಸೆಲ್‌ಗಳನ್ನು ಸಂಪಿನ ಪಕ್ಕದ ತೇವದ ಮೂಲೆಯಲ್ಲೋ ಜನರೇಟರಿನ ಬಿಸಿಗೋ ಪೇರಿಸಬೇಡಿ. ಸೆಕ್ಯೂರಿಟಿ ಕೋಣೆಯಲ್ಲಿ ನೆಲದಿಂದ ಅಡಿಯಷ್ಟು ಎತ್ತರಕ್ಕೆ ಒಂದು ಹಲಗೆ ಹಾಕಿಸಿ.