ಬಂಗಾರಪೇಟೆ ಸ್ಟೇಷನ್ನಿನವರೆಗೆ ಮಾತ್ರ ‘ಶಕ್ತಿ’

ಬೂದಿಕೋಟೆ ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಹೌಸ್‌ಕೀಪಿಂಗಿಗೆಂದು ಬೆಂಗಳೂರಿಗೆ ಹೋಗಿಬರುವ ಹೆಣ್ಣುಮಕ್ಕಳ ದಾರಿಯಲ್ಲಿ ಎರಡು ಸರ್ಕಾರಗಳಿವೆ. ಬಂಗಾರಪೇಟೆಗೆ ಬರಲು ಸಾರಿಗೆ ಬಸ್ಸು ಸಿಕ್ಕರೆ ಕಾಸು ಕೊಡಬೇಕಿಲ್ಲ. 2023ರ ಜೂನ್ 11ರಿಂದ ರಾಜ್ಯದ ‘ಶಕ್ತಿ’ ಯೋಜನೆ ಆ ಖರ್ಚನ್ನು ಹೊತ್ತುಕೊಂಡಿದೆ. ಅಲ್ಲಿಂದ ಮುಂದಿನದು ಕೇಂದ್ರದ ರೈಲು. ಅದರ ಪಾಸಿಗೆ ದುಡಿದ ದುಡ್ಡೇ ಹೋಗಬೇಕು.

ಬಸ್ಸಿನಲ್ಲೇ ಬೆಂಗಳೂರಿಗೂ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ರೈಲು ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರ, ಬೈಯಪ್ಪನಹಳ್ಳಿಗಳಲ್ಲಿ, ಕೆಲಸವಿರುವ ಜಾಗದ ಹತ್ತಿರವೇ ಇಳಿಸುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಬಸ್ಸನ್ನು ನಂಬಿದರೆ ಹಾಜರಿ ತಪ್ಪುತ್ತದೆ, ಹಾಜರಿ ತಪ್ಪಿದರೆ ಕೂಲಿಗೆ ಕತ್ತರಿ.

ಬಂಗಾರಪೇಟೆಯಿಂದ ಒಡೆಯುವ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳ ಕವಲು ಹಳಿ ಬಂದದ್ದೇ ಕೆಜಿಎಫ್‌ನ ಚಿನ್ನದ ಗಣಿಗಾಗಿ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಊರು ಕೆಜಿಎಫ್. ಸುತ್ತಲ ಹಳ್ಳಿಗಳ ಹಾಲು, ತರಕಾರಿಗೂ ಅದೇ ಗಿರಾಕಿಯಾಗಿತ್ತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಗಣಿಯಷ್ಟು ಜನರನ್ನು ಸಾಕುವ ಇನ್ನೊಂದು ಕೆಲಸ ಆ ಜಾಗಕ್ಕೆ ಬರಲೇ ಇಲ್ಲ. ಹಾಗಾಗಿ ಬೆಂಗಳೂರಿನ ಕೆಲಸಕ್ಕೆ ಒಯ್ಯುವ ರೈಲೇ ಈ ಸೀಮೆಯ ಜೀವನಾಧಾರ.

‘ಶಕ್ತಿ’ಯಂಥ ರಾಜ್ಯ ಸರ್ಕಾರದ ಗ್ಯಾರಂಟಿಗಳನ್ನು ‘ಬಿಟ್ಟಿ ಭಾಗ್ಯ’ ಎಂದು ಹಳಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ‘ಗೃಹಲಕ್ಷ್ಮಿ’ಯ ಎರಡು ಸಾವಿರ ರೂಪಾಯಿ ನೇರವಾಗಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ ರೈಲು ಹಿಡಿಯುವವಳಿಗೆ ಬಿಟ್ಟಿಯಾಗಿ ಸಿಕ್ಕದ್ದೇನೂ ಇಲ್ಲ. ನನ್ನ ತಕರಾರು ಬೇರೆ: ಆ ‘ಗೃಹಲಕ್ಷ್ಮಿ’ ದುಡ್ಡಿನಲ್ಲೂ ಒಂದು ಪಾಲು ರೈಲಿನ ಪಾಸಿಗೆ ಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ರೈಲ್ವೆ ಇಲಾಖೆ 2009ರಲ್ಲಿ ಅಸಂಘಟಿತ ಕೂಲಿಕಾರರಿಗೆಂದು 25 ರೂಪಾಯಿಯ ‘ಇಜ್ಜತ್’ ಪಾಸು ತಂದಿತ್ತು. ಷರತ್ತು ನೋಡಿ: ತಿಂಗಳ ಆದಾಯ 1,500 ರೂಪಾಯಿ ಮೀರುವಂತಿಲ್ಲ. 2025–26ರಲ್ಲಿ ನರೇಗಾ ದಿನಗೂಲಿಯೇ ರಾಜ್ಯದಲ್ಲಿ 370 ರೂಪಾಯಿ ಇತ್ತು. ಐದು ದಿನ ಕೆರೆ ಹೂಳೆತ್ತಿದರೂ ಆ ಮಿತಿ ದಾಟಿಹೋಗುತ್ತದೆ. ಇವತ್ತು ನಿತ್ಯ ದುಡಿಯುವವರಿಗೆ ಪಾಸು ಸಿಗದಂತೆ ಮಾಡುವ ಷರತ್ತು ಅದು.

ರೈಲು ರಾಜ್ಯದ್ದಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಹೊಸ ಮಾರ್ಗಗಳಿಗೆ ಅರ್ಧ ವೆಚ್ಚ ಕೊಡುವ ರೂಢಿ ಕರ್ನಾಟಕಕ್ಕೆ ಇದೆ. ಸಾರಿಗೆ ನಿಗಮಗಳಿಗೆ ಟಿಕೆಟ್ ಹಣ ತುಂಬಿಕೊಡುವಂತೆ ರೈಲ್ವೆಗೂ ರಾಜ್ಯ ಸರ್ಕಾರವೇ ಮಾಸಿಕ ಪಾಸಿನ ಹಣ ಕಟ್ಟಲಿ. ಬಂಗಾರಪೇಟೆ, ಕೆಜಿಎಫ್, ಮಾಲೂರು ತಾಲ್ಲೂಕುಗಳ ಬಿಪಿಎಲ್ ಕಾರ್ಡಿನ ಮಹಿಳೆಯರಿಂದ ಶುರುವಾಗಲಿ, ಗಂಡಸು ಕೂಲಿಕಾರರನ್ನು ಆಮೇಲೆ ಸೇರಿಸಲಿ.