ಗಡ್ಡೆಗೆ ರಕ್ತ ತಡೆಯುವ ಚಿಕಿತ್ಸೆ: ಆಸೆ ಎಷ್ಟು, ಆಧಾರ ಎಷ್ಟು?

೧೯೯೮ರ ಮೇ ತಿಂಗಳು. ಚಿಕಿತ್ಸೆಗಾಗಿ ಧಾರವಾಡದಿಂದ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ ಸೋದರತ್ತೆಗೆ ಯಾರೋ ಪತ್ರಿಕೆಯ ತುಣುಕೊಂದನ್ನು ತಂದುಕೊಟ್ಟರು. ಅಮೆರಿಕದಲ್ಲಿ ಕ್ಯಾನ್ಸರಿಗೆ ಹೊಸ ಮದ್ದು ದೊರೆತಿದೆ ಎಂಬ ವಾರ್ತೆ ಅದರಲ್ಲಿತ್ತು. “ನಮಗ ಇದು ಯಾವಾಗ ಸಿಗತದಪಾ?” ಎಂದು ಆಕೆ ಕೇಳಿದಾಗ ಬಿ.ಕಾಂ. ವಿದ್ಯಾರ್ಥಿಯಾಗಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆಕೆ ತೀರಿಕೊಂಡರು, ಪ್ರಶ್ನೆ ಉಳಿಯಿತು. ವೈದ್ಯನಲ್ಲದ ನಾನು ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಆ ವಾರ್ತೆಯ ಹಿಂದಿದ್ದವರು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. ಗಡ್ಡೆಯು ಒಂದೆರಡು ಮಿಲಿಮೀಟರ್ ಗಾತ್ರವನ್ನು ಮೀರಿ ಬೆಳೆಯಬೇಕಾದರೆ ಹೊಸ ರಕ್ತನಾಳಗಳನ್ನು ತನ್ನೆಡೆಗೆ ಬರಮಾಡಿಕೊಳ್ಳಬೇಕು. ಅವನ್ನು ತಡೆದರೆ ಗಡ್ಡೆಯ ಬೆಳವಣಿಗೆ ನಿಲ್ಲುವುದು ಎಂದು ಅವರು ೧೯೭೧ರಲ್ಲಿ ಪ್ರತಿಪಾದಿಸಿದರು. ಬಹುಮಂದಿ ನಂಬಲಿಲ್ಲ. ಅವರ ಪ್ರಯೋಗಾಲಯದಿಂದ ೧೯೯೪ರಲ್ಲಿ ಆಂಜಿಯೋಸ್ಟಾಟಿನ್, ೧೯೯೭ರಲ್ಲಿ ಎಂಡೋಸ್ಟಾಟಿನ್ ಬೆಳಕಿಗೆ ಬಂದವು. ಇವೆರಡೂ ದೇಹದಲ್ಲಿಯೇ ಇರುವ ದೊಡ್ಡ ಪ್ರೋಟೀನುಗಳ ತುಣುಕುಗಳು. ಇವುಗಳಿಂದ ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದವು. ಪತ್ರಿಕೆಗಳು ಸಂಭ್ರಮಿಸಿದವು. ರೋಗಿ ಇಲಿಯಾಗಿದ್ದರೆ ಮಾತ್ರ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂಬರ್ಥದ ಮಾತನ್ನಾಡಿ ಫೋಕ್‌ಮನ್ನರೇ ಎಚ್ಚರಿಸಬೇಕಾಯಿತು.

ಮನುಷ್ಯರಲ್ಲಿ ಎಂಡೋಸ್ಟಾಟಿನ್ ಆ ನಿರೀಕ್ಷೆಯನ್ನು ಈಡೇರಿಸಲಿಲ್ಲ. ಅದರ ಮಾರ್ಪಡಿಸಿದ ರೂಪಕ್ಕೆ ಚೀನಾ ೨೦೦೫ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆಂದು ಅನುಮತಿ ನೀಡಿತು. ಅಮೈನೋ ಆಮ್ಲಗಳ ಕಿರುಸರಪಳಿಗೆ ಪೆಪ್ಟೈಡ್ ಎನ್ನುತ್ತಾರೆ. ಐದೇ ಅಮೈನೋ ಆಮ್ಲಗಳು ಉಂಗುರವಾಗಿ ಸೇರಿದ ಸಿಲೆಂಗಿಟೈಡ್ ಎಂಬ ಪೆಪ್ಟೈಡು ಮೆದುಳಿನ ಗಡ್ಡೆಯ ರೋಗಿಗಳ ಆಯುಷ್ಯವನ್ನು ಹೆಚ್ಚಿಸಲಿಲ್ಲವೆಂಬ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು.

ಆದರೂ ಫೋಕ್‌ಮನ್ನರ ತತ್ತ್ವ ಸುಳ್ಳಾಗಲಿಲ್ಲ. ರಕ್ತನಾಳ ಬೆಳೆಯಲು ಗಡ್ಡೆ ಕಳುಹಿಸುವ ಸಂದೇಶವನ್ನು ನಡುವೆಯೇ ಹಿಡಿದಿಡುವ ಬೆವಾಸಿಝುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕ ೨೦೦೪ರಲ್ಲಿ ಅನುಮತಿ ನೀಡಿತು. ದೊಡ್ಡಕರುಳಿನ ಕ್ಯಾನ್ಸರ್ ಹರಡಿದವರಲ್ಲಿ, ಇತರ ಔಷಧಗಳೊಡನೆ ಇದನ್ನೂ ಪಡೆದವರ ಜೀವಿತಾವಧಿಯ ಮಧ್ಯಾಂಕ ೨೦.೩ ತಿಂಗಳು, ಪಡೆಯದವರದು ೧೫.೬. ಲಾಭ ನಿಜ, ಆದರೆ ಮಿತವಾದುದು. ಒಬ್ಬ ಸಾಹುಕಾರ ಬಾಗಿಲು ಮುಚ್ಚಿದರೆ ಮತ್ತೊಬ್ಬನ ಕದ ತಟ್ಟುವ ಸಾಲಗಾರನಂತೆ, ಗಡ್ಡೆಯೂ ರಕ್ತಕ್ಕಾಗಿ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಇಂದಿಗೂ ಊರಿನಿಂದ ಚಿಕಿತ್ಸೆಗೆಂದು ಬರುವ ಬಂಧುಗಳು ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಳಿಯುತ್ತಾರೆ. ಹೊಸ ಮದ್ದಿನ ವಾರ್ತೆಯನ್ನು ಆಸೆಯಿಂದ ಮುಂದೆ ಹಿಡಿಯುತ್ತಾರೆ. ಅವರ ಆಸೆಯನ್ನು ಚಿವುಟುವುದು ಬೇಡ. ಪ್ರಯೋಗ ಇಲಿಗಳ ಮೇಲೋ, ಮನುಷ್ಯರ ಮೇಲೋ? ಯಾವ ಕ್ಯಾನ್ಸರಿಗೆ? ಆಯುಷ್ಯ ಎಷ್ಟು ಹೆಚ್ಚಿತು? ಈ ಮೂರು ಪ್ರಶ್ನೆಗಳೊಡನೆ ಆ ವಾರ್ತೆಯನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತೋರಿಸೋಣ. ನಾಳಿನ ಮದ್ದನ್ನು ನಂಬಿ ಇಂದಿನ ಚಿಕಿತ್ಸೆಯನ್ನು ನಿಲ್ಲಿಸದಂತೆ ನೋಡಿಕೊಳ್ಳೋಣ. ಅತ್ತೆಗೆ ಅಂದು ನಾನು ಹೇಳಬೇಕಾಗಿದ್ದ ಉತ್ತರ ಇಷ್ಟೇ.