ಹೀಲಿಯಂ ಸೋರಿಕೆ ಪರೀಕ್ಷೆ: ಷರತ್ತಿನ ಹಿಂದಿನ ಲೆಕ್ಕ

ಹವಾನಿಯಂತ್ರಣ ಯಂತ್ರದ ಸುರುಳಿ, ವಾಹನದ ಇಂಧನ ಟ್ಯಾಂಕ್, ನಿರ್ವಾತ ಕವಾಟ ಮೊದಲಾದವುಗಳ ಖರೀದಿ ಆದೇಶಗಳಲ್ಲಿ ‘ಹೀಲಿಯಂ ಸೋರಿಕೆ ಪರೀಕ್ಷೆ ಕಡ್ಡಾಯ’ ಎಂಬ ಷರತ್ತು ಇರುವುದುಂಟು. ಬೆಲೆಯ ಕಲಮನ್ನು ನಾಲ್ಕು ಬಾರಿ ಓದುವ ಉದ್ದಿಮೆದಾರರು ಈ ಸಾಲನ್ನು ಗಮನಿಸದೆ ಸಹಿ ಹಾಕುವುದೂ ಉಂಟು. ಸರಕು ತಿರಸ್ಕೃತವಾಗಿ ಮರಳಿದರೆ ಸಾಗಣೆ, ಮರುಬೆಸುಗೆ, ವಿಳಂಬದ ದಂಡ ಎಲ್ಲವೂ ಅವರ ಖರ್ಚಿಗೇ ಬೀಳುತ್ತವೆ.

ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ನೋಡುವುದು ಹಳೆಯ ಪದ್ಧತಿ. ದೊಡ್ಡ ತೂತಿಗೆ ಅದು ಸಾಕು. ಆದರೆ ಸೆಕೆಂಡಿಗೆ 10ರ ಋಣ 5ನೇ ಘಾತದಷ್ಟು ಮಿಲಿಬಾರ್-ಲೀಟರ್ ಸೋರಿಕೆಯಲ್ಲಿ (ಇಲ್ಲಿ ಋಣವೆಂದರೆ ಸಾಲವಲ್ಲ!) 1 ಘನ ಸೆಂಟಿಮೀಟರ್ ಅನಿಲ ಹೊರಬರಲು ಸುಮಾರು 28 ಗಂಟೆ ಬೇಕು. ಅಷ್ಟು ಹೊತ್ತು ತೊಟ್ಟಿಯ ಮುಂದೆ ಕಾಯುವವರಾರು? ಅದೇ ಸೋರಿಕೆ ವರ್ಷಕ್ಕೆ 300 ಘನ ಸೆಂಟಿಮೀಟರನ್ನು ಮೀರುತ್ತದೆ.

ಹೀಲಿಯಂ ಹಗುರ, ಉರಿಯದು, ಬೇರೆ ವಸ್ತುವಿನೊಡನೆ ಸುಲಭವಾಗಿ ಬೆರೆತು ಮಾರ್ಪಡದು. ಗಾಳಿಯ 10 ಲಕ್ಷ ಭಾಗಗಳಲ್ಲಿ ಅದು ಸುಮಾರು 5 ಭಾಗ ಮಾತ್ರ ಇರುವುದರಿಂದ, ಹೊರಬಂದ ಅಲ್ಪಾಂಶವನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುರೇನಿಯಂ ಸಂವರ್ಧನ ಸ್ಥಾವರಕ್ಕಾಗಿ ಈ ವಿಧಾನ ರೂಪುಗೊಂಡಿತು.

ನಿರ್ವಾತ ವ್ಯವಸ್ಥೆಯಾದರೆ ಶೋಧಕವನ್ನು ಅದಕ್ಕೆ ಜೋಡಿಸಿ ಹೊರಗಿನಿಂದ ಹೀಲಿಯಂ ಸಿಂಪಡಿಸುತ್ತಾರೆ; ತೂತಿದ್ದಲ್ಲಿ ಅನಿಲ ಒಳನುಗ್ಗುತ್ತದೆ. ಬಿಡಿಭಾಗವಾದರೆ ಒಳಗೆ ಹೀಲಿಯಂ ತುಂಬಿ, ಹೊರಮೈಯಲ್ಲಿ ಮೂಸುವ ಕೊಳವೆಯನ್ನು ಆಡಿಸುತ್ತಾರೆ, ಇಲ್ಲವೇ ನಿರ್ವಾತ ಕೋಣೆಯಲ್ಲಿಡುತ್ತಾರೆ. ಮೂಸುವ ಕೊಳವೆ ಸೋರುವ ಜಾಗ ತೋರಿಸುತ್ತದೆ, ಆದರೆ ಫಲಿತಾಂಶ ಕೆಲಸಗಾರನ ಕೈಚಳಕವನ್ನು ಅವಲಂಬಿಸಿದೆ. ಕೋಣೆ ಒಟ್ಟು ಸೋರಿಕೆಯನ್ನು ಅಳೆಯುತ್ತದೆ, ಜಾಗ ಹೇಳದು.

ಖರ್ಚಿನ ಮಾತು ಬೇರೆ. ಭಾರತ ಹೀಲಿಯಂಗಾಗಿ ಆಮದನ್ನು ಅವಲಂಬಿಸಿದೆ. 2017ರಲ್ಲಿ ಕತಾರ್ ಮೇಲಿನ ದಿಗ್ಬಂಧನದಿಂದ ಜಾಗತಿಕ ಪೂರೈಕೆಯೇ ಏರುಪೇರಾಯಿತು. ಆದ್ದರಿಂದ ಸಾರಜನಕದೊಡನೆ ಶೇ. 10ರಷ್ಟು ಹೀಲಿಯಂ ಬೆರೆಸಿ ಬಳಸುವುದುಂಟು. ಆಗ ಶೋಧಕಕ್ಕೆ ಸಿಗುವ ಸಂಕೇತವೂ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ತಿರಸ್ಕಾರದ ಮಿತಿಯನ್ನು ಅದಕ್ಕೆ ತಕ್ಕಂತೆ ಬಿಗಿಗೊಳಿಸದಿದ್ದರೆ ಪರೀಕ್ಷೆ ಕೇವಲ ಕಾಗದದ ಮೇಲೆ ಉಳಿಯುತ್ತದೆ. ದಿನವಿಡೀ ಪರೀಕ್ಷೆ ನಡೆಸುವ ಘಟಕಕ್ಕೆ ಅನಿಲ ಮರುಸಂಗ್ರಹ ಯಂತ್ರ ಲಾಭಕರ. ತಿಂಗಳಿಗೆ ನಾಲ್ಕು ಬಿಡಿಭಾಗ ಪರೀಕ್ಷಿಸುವವರಿಗೆ ಹೊರಗೆ ಮಾಡಿಸುವುದೇ ಲೇಸು. ಯಂತ್ರ ಕೊಂಡವರು ಸರಕು ಮತ್ತು ಸೇವಾ ತೆರಿಗೆಯ ಹೂಡುವಳಿ ಜಮೆ ಪಡೆದಿದ್ದರೆ, ಆ ತೆರಿಗೆ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ.

ದರ ನಮೂದಿಸುವ ಮುನ್ನ ಸೋರಿಕೆಯ ಮಿತಿ, ಪರೀಕ್ಷಾ ಒತ್ತಡ, ಅನಿಲದ ಶೇಕಡಾ ಪ್ರಮಾಣ, ಪ್ರಮಾಣಿತ ಸೋರಿಕೆ ಉಪಕರಣದ ಮಾಪನಾಂಕ ಪತ್ರ, ಈ ನಾಲ್ಕನ್ನೂ ಖರೀದಿದಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಉಚಿತ.